ಕೈದಿಯ ತಟ್ಟೆ, ಕೂಸಿನ ಬಟ್ಟಲು

ಬೇರೆ ಬೇರೆ ದೇಶಗಳ ಜೈಲೂಟವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಮಕ್ಕಳನ್ನು ಕೂರಿಸಿ ರುಚಿ ನೋಡಿಸುವ ಆಟವೊಂದು ಈಗ ಚಾಲ್ತಿಗೆ ಬಂದಿದೆ. ಮಗು ಒಂದು ತಟ್ಟೆಯನ್ನು ಮೂಸಿ ಮುಖ ಸಿಂಡರಿಸುತ್ತದೆ, ಇನ್ನೊಂದನ್ನು ಚಪ್ಪರಿಸುತ್ತದೆ, ಸುತ್ತ ನಿಂತ ದೊಡ್ಡವರು ನಗುತ್ತಾರೆ. ಜಪಾನಿನ ಅಬಾಶಿರಿ ಎಂಬಲ್ಲಿನ ಹಳೆಯ ಸೆರೆಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿನ ಕ್ಯಾಂಟೀನಿನಲ್ಲಿ ಬಾರ್ಲಿ ಬೆರೆಸಿದ ಅನ್ನ, ಸುಟ್ಟ ಮೀನು, ಸಾರು ಇರುವ ಕೈದಿಯೂಟವನ್ನು ಪ್ರವಾಸಿಗರು ದುಡ್ಡು ಕೊಟ್ಟು ಉಣ್ಣುತ್ತಾರೆ. ನೆರೆಯ ತೆಲಂಗಾಣದ ಸಂಗಾರೆಡ್ಡಿಯಲ್ಲಿ 1796ರಷ್ಟು ಹಳೆಯದಾದ ಜೈಲನ್ನು 2016ರಲ್ಲಿ ಹೀಗೆಯೇ ತೆರೆದು, 500 ರೂಪಾಯಿ ಕಟ್ಟಿದವರಿಗೆ ಒಂದು ದಿನದ ಸೆರೆವಾಸವನ್ನೂ ಅಲ್ಲಿನ ಊಟವನ್ನೂ ಒದಗಿಸಲಾಯಿತು. 2021ರಲ್ಲಿ ನಮ್ಮ ಬೆಳಗಾವಿಯ ಹಿಂಡಲಗಾ ಜೈಲಿನಲ್ಲೂ ಇಂಥದೇ ಪ್ರಸ್ತಾವ ಸುದ್ದಿಯಾಯಿತು.

ಆಟದಲ್ಲಿ ತಪ್ಪು ಹುಡುಕುವುದು ನಮ್ಮ ಉದ್ದೇಶವಲ್ಲ. ಮಕ್ಕಳಿಗೆ ಹೊಸ ರುಚಿಯ ಕುತೂಹಲ ಇದ್ದೇ ಇರುತ್ತದೆ. ಆದರೆ ಆ ಮೇಜಿನ ಮುಂದೆ ಕುಳಿತ ಮಗುವಿಗೆ ಒಂದು ಸ್ವಾತಂತ್ರ್ಯವಿದೆ. ಬೇಡವಾದ ತಟ್ಟೆಯನ್ನು ಅದು ಆಚೆ ತಳ್ಳಬಹುದು. ಜೈಲೂಟವನ್ನು ತಳ್ಳಲಾಗದ ಮಕ್ಕಳೂ ಇದ್ದಾರೆ, ಹಿಂದೆಯೂ ಇದ್ದರು. ಅವರ ಕತೆ ಕೈದಿಯ ಪಡಿತರದ ಕತೆಯ ಅಂಚಿನಲ್ಲಿ ಎಲ್ಲೋ ಅಡಗಿ ಕುಳಿತಿದೆ. ಅದನ್ನು ಹುಡುಕಲು ದೂರ ಹೋಗಬೇಕಿಲ್ಲ, ನಮ್ಮ ಬೆಂಗಳೂರು ದಂಡಿನಿಂದಲೇ ಹೊರಡಬಹುದು.

1877ರ ಅಕ್ಟೋಬರ್ 20ರ 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆಯಲ್ಲಿ ಬೆಂಗಳೂರಿನ ಒಂದು ಚಿತ್ರ ಅಚ್ಚಾಯಿತು. ಪರಿಹಾರಕ್ಕಾಗಿ ಕಾದು ನಿಂತ, ಕುಳಿತ ಜನರ ಚಿತ್ರ. ಎಲುಬಿನ ಹಂದರವಾದ ಮೈಗಳು, ಅವುಗಳ ನಡುವೆ ಮಕ್ಕಳು. ಅದು ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರ ಎಂದು ಕರೆಯುತ್ತಿದ್ದ 1876-78ರ ಮಹಾಕ್ಷಾಮ. ಮೈಸೂರು ಸೀಮೆಯ ಜನಸಂಖ್ಯೆ 1871ರ ಗಣತಿಯಲ್ಲಿ 50,55,412 ಇದ್ದದ್ದು 1881ರಲ್ಲಿ 41,86,188ಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಹೆಚ್ಚಬೇಕಿದ್ದ ಜನ ಎಂಟೂವರೆ ಲಕ್ಷಕ್ಕೂ ಮೀರಿ ಕಡಿಮೆಯಾಗಿದ್ದರು.

ಹಳ್ಳಿಯ ಜನ ಬೆಂಗಳೂರಿಗೆ ನಡೆದು ಬಂದದ್ದಕ್ಕೆ ಕಾರಣವಿತ್ತು. ದಂಡಿನಲ್ಲಿ ಸೈನ್ಯವಿತ್ತು, ಸೈನ್ಯವಿದ್ದಲ್ಲಿ ದಾಸ್ತಾನು ಇರುತ್ತದೆ. 1864ರಲ್ಲಿ ಜೋಲಾರಪೇಟೆಯಿಂದ ಕಂಟೋನ್ಮೆಂಟಿಗೆ ರೈಲು ಬಂದಿತ್ತು. ಮದ್ರಾಸಿನ ಬಂದರಿನಲ್ಲಿ ಇಳಿದ ಧಾನ್ಯ ಇದೇ ಹಳಿಯ ಮೇಲೆ ಬರುತ್ತಿತ್ತು. ಹಳಿ ಇಲ್ಲದ ಊರುಗಳಿಗೆ ಅದನ್ನು ಎತ್ತಿನ ಗಾಡಿಯಲ್ಲಿ ಸಾಗಿಸೋಣವೆಂದರೆ ಎತ್ತುಗಳೇ ಮೇವಿಲ್ಲದೆ ಸತ್ತಿದ್ದವು. ಧಾನ್ಯ ಜನರ ಬಳಿಗೆ ಹೋಗಲಾರದಾದಾಗ ಜನರೇ ಧಾನ್ಯದ ಬಳಿಗೆ ಬಂದರು. ಈಗ ಶಿವಾಜಿನಗರವಾಗಿರುವ ಆಗಿನ ಬ್ಲಾಕ್‌ಪಳ್ಳಿ, ಹಲಸೂರು ಇವೆಲ್ಲ ಆ ದಂಡಿನ ಪೇಟೆಗಳು.

ಇಲ್ಲೇ ಜೈಲಿನ ತಕ್ಕಡಿ ನಮ್ಮ ಕತೆಯೊಳಗೆ ಬರುವುದು. ವೈಸರಾಯ್ ಲಿಟ್ಟನ್‌ನ ಪ್ರತಿನಿಧಿಯಾಗಿ 1877ರ ಜನವರಿಯಲ್ಲಿ ದಕ್ಷಿಣದ ಕ್ಷಾಮವನ್ನು ನೋಡಲು ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಕೈಗೆ ಒಂದಿಷ್ಟು ಕಾಸು ಸಾಕು ಎಂದು ಗೊತ್ತುಮಾಡಿದ. ದುಡಿಯುವ ಮಕ್ಕಳಿಗೆ ಅದರ ಅರ್ಧದಷ್ಟು. ಖಜಾನೆಯ ದುಡ್ಡು ಉಳಿಸಬೇಕೆಂಬುದು ಮೇಲಿನಿಂದ ಬಂದ ಅಪ್ಪಣೆ. ಇದನ್ನು ಎದುರಿಸಿದವನು ಮದ್ರಾಸ್ ಪ್ರಾಂತ್ಯದ ನೈರ್ಮಲ್ಯ ಆಯುಕ್ತ ಡಾ. ಡಬ್ಲ್ಯು. ಆರ್. ಕಾರ್ನಿಷ್. ಅವನ ವಾದದ ಬೆನ್ನೆಲುಬು ಜೈಲಿನ ಲೆಕ್ಕ. ನಮ್ಮದೇ ಜೈಲುಗಳಲ್ಲಿ ದುಡಿಯುವ ಕೈದಿಗೆ ಇದಕ್ಕಿಂತ ಹೆಚ್ಚು ಆಹಾರ ಕೊಡುತ್ತಿದ್ದೇವೆ, ಕೊಡದಿದ್ದರೆ ಅವನು ಬದುಕುವುದಿಲ್ಲವೆಂದು ನಮ್ಮ ವೈದ್ಯರಿಗೇ ಗೊತ್ತಿದೆ, ಹಾಗಿರುವಾಗ ಯಾವ ತಪ್ಪನ್ನೂ ಮಾಡದ ರೈತನಿಗೆ ಅದಕ್ಕಿಂತ ಕಡಿಮೆ ಕೊಟ್ಟು ಮಣ್ಣು ಹೊರಿಸುವುದು ಯಾವ ನ್ಯಾಯ ಎಂಬುದು ಅವನ ವಾದದ ತಾತ್ಪರ್ಯ. ತಿಂಗಳುಗಟ್ಟಲೆ ಜಗಳ ನಡೆದ ಮೇಲೆ ಮದ್ರಾಸಿನಲ್ಲಿ ಪಡಿಯ ಅಳತೆ ಸ್ವಲ್ಪ ಮೇಲೆ ಹೋಯಿತು. ಅಷ್ಟರಲ್ಲಿ ಸಾಯಬೇಕಾದವರು ಸತ್ತಿದ್ದರು. ಇತ್ತ ಕಾಳಿನ ಕಳವು, ಲೂಟಿ ಹೆಚ್ಚಿ ಜೈಲುಗಳು ತುಂಬಿದವು. ಹಸಿದವನಿಗೆ ಜೈಲಿನ ಗೋಡೆ ಶಿಕ್ಷೆಯಾಗಿ ಕಾಣದ ಕಾಲ ಅದು.

ಒಂದು ಪೌಂಡಿನ ಹಿಂದೆ ಒಂದು ತತ್ವವೂ ಇತ್ತು. ಇಂಗ್ಲೆಂಡ್ 1834ರಲ್ಲಿ ತನ್ನ ಬಡವರ ಕಾನೂನನ್ನು ತಿದ್ದಿದಾಗ ಒಂದು ನಿಯಮವನ್ನು ಪಕ್ಕಾ ಮಾಡಿಕೊಂಡಿತು. ಸರಕಾರದ ಅನ್ನ ಉಣ್ಣುವವನ ಸ್ಥಿತಿ, ಹೊರಗೆ ದುಡಿದು ಉಣ್ಣುವ ಅತಿ ಬಡವನ ಸ್ಥಿತಿಗಿಂತ ಕೆಳಗಿರಬೇಕು, ಇಲ್ಲವಾದರೆ ಎಲ್ಲರೂ ಬಂದು ಕೂತುಬಿಡುತ್ತಾರೆ ಎಂದು. ಬಡವರ ದುಡಿಮೆಮನೆಯ ಹುಡುಗನೊಬ್ಬ ಇನ್ನೊಂದು ಸೌಟು ಗಂಜಿ ಕೇಳಿದ ಡಿಕನ್ಸ್‌ನ ಕತೆ ಹುಟ್ಟಿದ್ದು ಈ ಕಾನೂನಿನ ನೆರಳಿನಲ್ಲೇ. ಹಡಗು ಹತ್ತಿ ಬಂದ ಅದೇ ತತ್ವ ಇಲ್ಲಿ ಎಡವಿ ಬಿತ್ತು. ಹೊರಗಿನ ಬಡವನೇ ಏನೂ ಉಣ್ಣದಿರುವ ನಾಡಿನಲ್ಲಿ ಅವನಿಗಿಂತ ಕಡಿಮೆ ಎಂದರೆ ಏನು? ಜೈಲಿನ ವೈದ್ಯರಿಗೆ ಈ ಇಕ್ಕಟ್ಟು ಗೊತ್ತಿತ್ತು, ಏಕೆಂದರೆ ಜೈಲಿನಲ್ಲಿ ಸತ್ತವರ ಲೆಕ್ಕ ಬರೆದಿಡಬೇಕಿತ್ತು. ರಸ್ತೆಬದಿಯಲ್ಲಿ ಸತ್ತವರಿಗೆ ಅಂಥ ಖಾತೆ ಪುಸ್ತಕ ಇರಲಿಲ್ಲ.

ಹೀಗೆ ಜೈಲು ಒಂದು ಪ್ರಯೋಗಶಾಲೆಯೂ ಆಯಿತು. ಏನು ತಿಂದ, ಎಷ್ಟು ತೂಗಿದ, ಎಷ್ಟು ಕಲ್ಲು ಒಡೆದ ಎಂದು ದಿನವೂ ಅಳೆಯಲು ಕೈದಿಗಿಂತ ಅನುಕೂಲದ ಮನುಷ್ಯ ಯಾರು ಸಿಗುತ್ತಾರೆ? ಕಲ್ಕತ್ತೆಯ ಡೇವಿಡ್ ಮೆಕೇ ಎಂಬ ವೈದ್ಯ 1910ರ ಸುಮಾರಿಗೆ ಬಂಗಾಳದ ಜೈಲುಗಳ ಆಹಾರವನ್ನು ಅಳೆದು, ಆಮೇಲೆ ಸಂಯುಕ್ತ ಪ್ರಾಂತ್ಯದ ಜೈಲುಗಳಿಗೂ ಹೋದ. ಭಾರತದ ಜನ ಎಷ್ಟು ಉಣ್ಣಬೇಕೆಂಬ ಶಾಸ್ತ್ರದ ಮೊದಲ ಪಾಠಗಳಲ್ಲಿ ಕೆಲವು ಬಂದದ್ದು ಸರಳುಗಳ ಹಿಂದಿನಿಂದ. ಆ ಕೋಷ್ಟಕಗಳ ನಡುವೆ ಇರುವುದು ದುಡಿಯುವ ವಯಸ್ಕ ಗಂಡಸು. ತಾಯಿಯ ಸೆರಗು ಹಿಡಿದು ಜೈಲಿಗೆ ಬಂದ ಕೂಸಿಗೆ ಅಲ್ಲಿ ಸಾಲು ಇರಲಿಲ್ಲ.

ಇನ್ನು ಅಡುಗೆಮನೆ. ಯಾರು ಬೇಯಿಸಬೇಕು, ಯಾರ ಜೊತೆ ಉಣ್ಣಬೇಕು ಎಂಬ ಪ್ರಶ್ನೆಯೂ ಜೈಲಿನಲ್ಲಿ ರಕ್ತ ಹರಿಸಿದೆ. 1840ರ ದಶಕದಲ್ಲಿ ಬಿಹಾರದ ಕಡೆ ಕೈದಿಗಳು ಬೇರೆ ಬೇರೆ ಬೇಯಿಸಿಕೊಳ್ಳುವುದನ್ನು ನಿಲ್ಲಿಸಿ ಸಾಮೂಹಿಕ ಅಡುಗೆ ಹೇರಿದಾಗ ಗಲಭೆಗಳಾದವು. 1855ರಲ್ಲಿ ಹಿತ್ತಾಳೆಯ ಲೋಟಾ ಕಿತ್ತುಕೊಂಡು ಮಣ್ಣಿನ ಕುಡಿಕೆ ಕೊಟ್ಟಾಗ ಆರಾ ಮತ್ತು ಮುಜಫ್ಫರ್‌ಪುರದಲ್ಲಿ ಮತ್ತೆ ದಂಗೆಯೆದ್ದಿತು. ಬ್ರಿಟಿಷರು ಪಾಠ ಕಲಿತರು, ಆದರೆ ತಪ್ಪು ಪಾಠ. ಜಾತಿಯನ್ನು ಮುಟ್ಟುವ ಗೋಜೇ ಬೇಡವೆಂದು ಅದನ್ನು ಜೈಲಿನ ಕೈಪಿಡಿಯೊಳಗೆ ಬರೆದುಕೊಂಡರು. ಅಡುಗೆ ಮೇಲ್ಜಾತಿಯವರಿಗೆ, ಕಕ್ಕಸು ಗುಡಿಸುವುದು ಕೆಳಗಿನವರಿಗೆ. ಸ್ವಾತಂತ್ರ್ಯ ಬಂದ ಮೇಲೂ ಅನೇಕ ರಾಜ್ಯಗಳ ಕೈಪಿಡಿಗಳಲ್ಲಿ ಆ ಸಾಲುಗಳು ಕುಳಿತೇ ಇದ್ದವು. ಸುಪ್ರೀಂ ಕೋರ್ಟು ಅವನ್ನು ಸಂವಿಧಾನ ವಿರೋಧಿ ಎಂದು ಹೊಡೆದುಹಾಕಿದ್ದು 2024ರ ಅಕ್ಟೋಬರ್ 3ರಂದು.

ಬಣ್ಣ, ಅಂತಸ್ತುಗಳ ಲೆಕ್ಕ ಬೇರೆ. ಯುರೋಪಿಯನ್ ಕೈದಿಗೆ ಬ್ರೆಡ್ಡು, ಮಾಂಸ, ಚಹಾ. ದೇಶೀಯನಿಗೆ ಅಕ್ಕಿಯೋ ರಾಗಿಯೋ ಜೋಳವೋ, ಮೇಲೆ ಒಂದಿಷ್ಟು ಬೇಳೆ ನೀರು. ಲಾಹೋರಿನ ಜೈಲಿನಲ್ಲಿ ಭಗತ್ ಸಿಂಗ್ ಮತ್ತು ಗೆಳೆಯರು ಹೂಡಿದ ಉಪವಾಸದ ಬೇಡಿಕೆಗಳಲ್ಲಿ ಈ ಊಟದ ತಾರತಮ್ಯವೂ ಒಂದು. ಜತಿನ್ ದಾಸ್ 63 ದಿನ ಅನ್ನ ಬಿಟ್ಟು 1929ರ ಸೆಪ್ಟೆಂಬರ್ 13ರಂದು ತೀರಿಕೊಂಡರು. ಸರಕಾರ ಬಗ್ಗಿತು, ಬಗ್ಗಿದ ರೀತಿ ಮಾತ್ರ ಅದರದೇ. ಮುಂದಿನ ವರ್ಷ ಕೈದಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಹೊರಗೆ ಚೆನ್ನಾಗಿ ಬದುಕಿದವನಿಗೆ ಒಳಗೂ ಚೆನ್ನಾದ ತಟ್ಟೆ. ಬಡವನಿಗೆ, ಅವನಿಗೆ ಅದೇ ಅಭ್ಯಾಸ ಎಂಬ ಸಮಜಾಯಿಷಿಯೊಂದಿಗೆ, ಸಿ ದರ್ಜೆ. ಬಣ್ಣದ ಮೆಟ್ಟಿಲು ಹೋಗಿ ಅಂತಸ್ತಿನ ಮೆಟ್ಟಿಲು ಬಂತು.

ಬೆಂಗಳೂರಿಗೆ ಮರಳೋಣ. ಎರಡನೇ ಮಹಾಯುದ್ಧದಲ್ಲಿ ಆಫ್ರಿಕಾದ ರಣರಂಗಗಳಲ್ಲಿ ಸೆರೆಸಿಕ್ಕ ಸಾವಿರಾರು ಇಟಾಲಿಯನ್ ಸೈನಿಕರನ್ನು 1941ರಿಂದ ಭಾರತಕ್ಕೆ ಸಾಗಿಸಲಾಯಿತು. ಯೋಲ್, ಭೋಪಾಲ್, ಡೆಹ್ರಾಡೂನ್‌ಗಳಂತೆ ಬೆಂಗಳೂರಿನ ಆಸುಪಾಸಿನಲ್ಲೂ ಶಿಬಿರಗಳಿದ್ದವು. ಜಾಲಹಳ್ಳಿಯಲ್ಲಿ ಎದ್ದ ಸೈನಿಕ ಆಸ್ಪತ್ರೆಯ ಕಟ್ಟಡಗಳಿಗೆ ಈ ಕೈದಿಗಳ ಕೈ ತಾಗಿದೆ. ಇವರ ತಟ್ಟೆಯ ವಿಚಾರ ಮಾತ್ರ ಬೇರೆ ಇತ್ತು. 1929ರ ಜಿನೀವಾ ಒಪ್ಪಂದದ 11ನೇ ವಿಧಿಯ ಪ್ರಕಾರ, ಸೆರೆಹಿಡಿದ ದೇಶ ತನ್ನ ಡಿಪೋದ ಸೈನಿಕರಿಗೆ ಕೊಡುವಷ್ಟೇ ಪ್ರಮಾಣದ, ಅಷ್ಟೇ ಗುಣಮಟ್ಟದ ಆಹಾರವನ್ನು ಯುದ್ಧಕೈದಿಗೂ ಕೊಡಬೇಕು. ಅವನ ಬಳಿ ಹೆಚ್ಚಿನ ಪದಾರ್ಥವಿದ್ದರೆ ಬೇಯಿಸಿಕೊಳ್ಳಲು ಅನುಕೂಲ ಮಾಡಿಕೊಡಬೇಕು. ಊಟ ಕಡಿತಗೊಳಿಸಿ ಸಾಮೂಹಿಕ ಶಿಕ್ಷೆ ಕೊಡಕೂಡದು. ಅಂದರೆ, ಬ್ರಿಟಿಷ್ ಸಾಮ್ರಾಜ್ಯದ ಮೇಲೆ ಗುಂಡು ಹಾರಿಸಿದ ಇಟಲಿಯವನಿಗೆ ಬೆಂಗಳೂರಿನಲ್ಲಿ ಸೈನಿಕನ ಪಡಿತರದ ಹಕ್ಕಿತ್ತು. ಅದೇ ಸಾಮ್ರಾಜ್ಯಕ್ಕೆ ಬರಿಗೈಯಲ್ಲಿ 'ಭಾರತ ಬಿಟ್ಟು ತೊಲಗಿ' ಎಂದ ಇಲ್ಲಿನ ಹುಡುಗನಿಗೆ ಸಿ ದರ್ಜೆಯ ಮುದ್ದೆ. ಅದೇ ಕಾಲದಲ್ಲಿ, 1943ರಲ್ಲಿ, ಬಂಗಾಳದ ಬೀದಿಗಳಲ್ಲಿ ಜನ ಗಂಜಿಯ ತಿಳಿಗಾಗಿ ಬೇಡುತ್ತಾ ಸಾಯುತ್ತಿದ್ದರು. ಇಟಾಲಿಯನ್ನರಿಗೆ ಕೊಟ್ಟದ್ದು ಹೆಚ್ಚಾಯಿತೆಂದು ಹೇಳುತ್ತಿಲ್ಲ. ಲಿಖಿತ ಒಪ್ಪಂದವೊಂದು ಇದ್ದರೆ ಕೈದಿಯನ್ನೂ ಮನುಷ್ಯನಂತೆ ಉಣಿಸಲು ಇದೇ ಸರಕಾರಕ್ಕೆ ಸಾಧ್ಯವಿತ್ತು ಎಂಬುದನ್ನು ಗಮನಿಸಬೇಕು.

ಸೆರೆಯಾಳಿನ ಊಟವನ್ನು ಕುರಿತ ಚಿಂತನೆ ಜಿನೀವಾದಲ್ಲಿ ಹುಟ್ಟಿದ್ದೂ ಅಲ್ಲ. ಕುರ್‌ಆನಿನ 76ನೇ ಅಧ್ಯಾಯ ಸಜ್ಜನರ ಲಕ್ಷಣ ಹೇಳುವಾಗ, ಉಣಿಸಬೇಕಾದವರ ಸಾಲಿನಲ್ಲಿ ಬಡವ ಮತ್ತು ಅನಾಥನ ಜೊತೆಗೇ ಸೆರೆಯಾಳನ್ನೂ ನಿಲ್ಲಿಸುತ್ತದೆ. ಕ್ರಿ.ಶ. 624ರ ಬದ್ರ್ ಯುದ್ಧದಲ್ಲಿ ಸೆರೆಸಿಕ್ಕವರಲ್ಲಿ ಅಬೂ ಅಝೀಝ್ ಬಿನ್ ಉಮೈರ್ ಒಬ್ಬರು. ತಮ್ಮನ್ನು ಸೆರೆಯಲ್ಲಿಟ್ಟಿದ್ದ ಮದೀನಾದ ಅನ್ಸಾರರು ರೊಟ್ಟಿಯನ್ನು ತಮಗೆ ಕೊಟ್ಟು ತಾವು ಖರ್ಜೂರ ತಿನ್ನುತ್ತಿದ್ದರೆಂದು ಅವರು ನೆನೆದದ್ದನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಖರ್ಜೂರದ ತೋಟಗಳ ಆ ಊರಿನಲ್ಲಿ ರೊಟ್ಟಿಯೇ ದುರ್ಲಭದ ವಸ್ತು ಎಂಬುದು ತಿಳಿದರೆ ಈ ಪ್ರಸಂಗದ ತೂಕ ಗೊತ್ತಾಗುತ್ತದೆ. ಸೆರೆಯಾಳು ನಮಗಿಂತ ಕಡಿಮೆ ಉಣ್ಣಬೇಕೆಂಬ 1834ರ ತತ್ವಕ್ಕೆ ಇದು ನೇರ ತಿರುವುಮುರುವು.

ತಟ್ಟೆಯ ಮೆಟ್ಟಿಲುಗಳು ಎಷ್ಟು ನಾಚಿಕೆಗೆಟ್ಟವಾಗಬಹುದು ಎಂಬುದಕ್ಕೆ ದಕ್ಷಿಣ ಆಫ್ರಿಕಾದಷ್ಟು ಸ್ಪಷ್ಟ ಉದಾಹರಣೆ ಇಲ್ಲ. 1908ರಲ್ಲಿ ಜೋಹಾನ್ಸ್‌ಬರ್ಗಿನ ಜೈಲು ಸೇರಿದ ಗಾಂಧೀಜಿ ಮತ್ತು ಸಂಗಡಿಗರ ಮುಂದೆ ಬೆಳಗ್ಗೆ ಬಂದದ್ದು ಮೆಕ್ಕೆಜೋಳದ ಅಂಬಲಿ. ಬಿಳಿಯರಿಗೆ ಬ್ರೆಡ್ಡು. ಅರ್ಧ ಶತಮಾನ ಕಳೆದ ಮೇಲೆ ರಾಬೆನ್ ದ್ವೀಪದಲ್ಲಿ ಅದೇ ಲೆಕ್ಕ ಇನ್ನಷ್ಟು ಸೂಕ್ಷ್ಮವಾಗಿತ್ತು. 1964ರಲ್ಲಿ ನೆಲ್ಸನ್ ಮಂಡೇಲರ ಜೊತೆ ಜೀವಾವಧಿ ಶಿಕ್ಷೆ ಪಡೆದ ಅಹ್ಮದ್ ಕತ್ರಾಡ ಗುಜರಾತಿನಿಂದ ವಲಸೆ ಹೋದ ಮುಸ್ಲಿಂ ಕುಟುಂಬದವರು. ಒಂದೇ ಆರೋಪ, ಒಂದೇ ಶಿಕ್ಷೆ. ಆದರೂ ಕತ್ರಾಡ 'ಭಾರತೀಯ'ರಾದ್ದರಿಂದ ಅವರಿಗೆ ಉದ್ದ ಪ್ಯಾಂಟು, ಬ್ರೆಡ್ಡು, ಚೂರು ಹೆಚ್ಚು ಸಕ್ಕರೆ. ಮಂಡೇಲ 'ಆಫ್ರಿಕನ್' ಆದ್ದರಿಂದ ಚಡ್ಡಿ, ಬ್ರೆಡ್ಡಿಲ್ಲ, ಸಕ್ಕರೆ ಕಡಿಮೆ. ಕತ್ರಾಡರಿಗೆ ಆ ಹೆಚ್ಚಿನ ಪಾಲು ಮುಜುಗರ ತಂದಿತು, ಬಿಟ್ಟುಬಿಡಲೆಂದರು. ಸಂಗಡಿಗರು ಒಪ್ಪಲಿಲ್ಲ. ನಿನ್ನದನ್ನು ಕೆಳಗಿಳಿಸುವುದು ಬೇಡ, ನಮ್ಮದನ್ನು ಮೇಲೇರಿಸಲು ಹೋರಾಡೋಣ ಎಂಬುದು ಅವರ ನಿಲುವಾಗಿತ್ತು. ಎಲ್ಲರಿಗೂ ಒಂದೇ ಊಟವೆಂಬ ಪ್ರಕಟಣೆ ಬಂದದ್ದು 1979ರಲ್ಲಿ. ಹದಿನೈದು ವರ್ಷ ಬೇಕಾಯಿತು.

ಅಮೆರಿಕದ ಕೆಲವು ಜೈಲುಗಳಲ್ಲಿ ತರಕಾರಿ, ಹಿಟ್ಟು, ಬೇಳೆಯನ್ನೆಲ್ಲ ಒಟ್ಟಿಗೆ ಕಲೆಸಿ ಇಟ್ಟಿಗೆಯಂತೆ ಬೇಯಿಸಿದ 'ಲೋಫ್' ಅನ್ನು ಶಿಕ್ಷೆಯಾಗಿ ಕೊಡುವ ಪದ್ಧತಿ ಇದೆ. ಪೌಷ್ಟಿಕಾಂಶದಲ್ಲಿ ಕೊರತೆಯಿಲ್ಲ, ರುಚಿಯನ್ನು ಮಾತ್ರ ಕಸಿದುಕೊಳ್ಳುವುದು. ನ್ಯೂಯಾರ್ಕ್ ರಾಜ್ಯ ಅದನ್ನು 2015ರಲ್ಲಿ ಕೈಬಿಟ್ಟಿತು. ರುಚಿ ನೋಡುವ ಮಕ್ಕಳ ಮೇಜಿಗೆ ಇದು ಬಂದರೆ ನಗು ಗ್ಯಾರಂಟಿ.

ಈಗ ಆ ಮೇಜಿನ ಬಳಿ ಎಂದೂ ಕುಳಿತುಕೊಳ್ಳದ ಮಕ್ಕಳ ಮಾತು. ನಮ್ಮ ದೇಶದಲ್ಲಿ ತಾಯಿ ಜೈಲು ಸೇರಿದರೆ, ನೋಡಿಕೊಳ್ಳಲು ಬೇರೆ ಯಾರೂ ಇಲ್ಲದಿದ್ದರೆ, ಆರು ವರ್ಷದವರೆಗಿನ ಮಗು ಅವಳ ಜೊತೆ ಒಳಗಿರಬಹುದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಅಂಕಿಗಳಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ 1,537 ತಾಯಂದಿರ ಜೊತೆ 1,764 ಮಕ್ಕಳಿದ್ದರು. ಇವರಲ್ಲಿ ಬಹುಪಾಲು ತಾಯಂದಿರು ವಿಚಾರಣಾಧೀನರು, ಅಂದರೆ ಅಪರಾಧ ಸಾಬೀತಾಗದವರು. ಈ ಮಕ್ಕಳಿಗೆ ಜೈಲೂಟ ಬೇರೆ ದೇಶದ ತಿಂಡಿಯಲ್ಲ. ಅವರ ನಾಲಿಗೆ ಮೊದಲು ಕಲಿತ ರುಚಿಯೇ ಅದು. ಹೊರಗಿನ ಅಡುಗೆಯೇ ಅವರಿಗೆ ವಿದೇಶಿ.

ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು ಇದ್ದ ಜಾಗ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು, ಜೈಲು ಪರಪ್ಪನ ಅಗ್ರಹಾರಕ್ಕೆ ಹೋಯಿತು. ಶಿವಾಜಿನಗರದಿಂದಲೋ ಕೆ.ಆರ್.ಪುರದಿಂದಲೋ ಕೈದಿಯನ್ನು ನೋಡಲು ಹೊರಟವರಿಗೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. 2020ರ ಆಗಸ್ಟ್ 11ರ ರಾತ್ರಿ ಡಿ.ಜೆ.ಹಳ್ಳಿ, ಕೆ.ಜಿ.ಹಳ್ಳಿಗಳಲ್ಲಿ ನಡೆದ ಹಿಂಸಾಚಾರದ ನಂತರ ನೂರಾರು ಜನ ಬಂಧನಕ್ಕೊಳಗಾದರು. ಕೆಲವರನ್ನು ದೂರದ ಬಳ್ಳಾರಿ ಜೈಲಿಗೆ ಸಾಗಿಸಲಾಯಿತು. ಕೋವಿಡ್ ಕಾಲವಾದ್ದರಿಂದ ಭೇಟಿಗಳಿಗೂ ಕಡಿವಾಣವಿತ್ತು. ಯಾರು ತಪ್ಪಿತಸ್ಥರು ಎಂಬುದು ನ್ಯಾಯಾಲಯದ ವಿಷಯ. ಆದರೆ ಆ ಗಲ್ಲಿಗಳ ಮನೆಗಳಲ್ಲಿ ಅಪ್ಪ ಒಳಗೆ ಏನು ಉಣ್ಣುತ್ತಾನೆ ಎಂದು ಮಕ್ಕಳು ಕೇಳಿರುತ್ತಾರೆ, ಅಮ್ಮಂದಿರು ಏನೋ ಒಂದು ಉತ್ತರ ಕೊಟ್ಟಿರುತ್ತಾರೆ.

ವಿಚಾರಣಾಧೀನ ಕೈದಿ ಅನುಮತಿ ಪಡೆದು ಹೊರಗಿನಿಂದ ಆಹಾರ ತರಿಸಿಕೊಳ್ಳಬಹುದು ಎಂಬ ಅವಕಾಶ 1894ರ ಕಾರಾಗೃಹ ಕಾಯ್ದೆಯಲ್ಲೇ ಇತ್ತು, ಕರ್ನಾಟಕದ 1963ರ ಕಾಯ್ದೆಯಲ್ಲೂ ಅದು ಮುಂದುವರಿದಿದೆ. 2024ರಲ್ಲಿ ಖ್ಯಾತ ಚಿತ್ರನಟರೊಬ್ಬರು ಪರಪ್ಪನ ಅಗ್ರಹಾರದಿಂದ ಮನೆಯೂಟಕ್ಕಾಗಿ ಹೈಕೋರ್ಟಿನ ಮೊರೆ ಹೋದಾಗ ಟಿ.ವಿ. ವಾಹಿನಿಗಳು ಮುದ್ದೆ, ಸಾರು, ಚಪಾತಿಗಳ ಲೆಕ್ಕವನ್ನು ವಾರಗಟ್ಟಲೆ ಬಿತ್ತರಿಸಿದವು. ಅಷ್ಟು ಗಂಟೆಗಳ ಚರ್ಚೆಯಲ್ಲಿ ಮಹಿಳಾ ಕೈದಿಗಳ ಕೂಸುಗಳಿಗೆ ಹಾಲು ಎಷ್ಟು ಎಂದು ಒಬ್ಬರಾದರೂ ಕೇಳಬಹುದಿತ್ತು.

ಉತ್ತರವಂತೂ ಬರೆದಿಟ್ಟದ್ದೇ ಇದೆ. ಆರ್.ಡಿ. ಉಪಾಧ್ಯಾಯ ವಿರುದ್ಧ ಆಂಧ್ರಪ್ರದೇಶ ರಾಜ್ಯ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರ ಏಪ್ರಿಲ್ 13ರಂದು ಕೊಟ್ಟ ತೀರ್ಪು ಜೈಲಿನ ಮಗುವನ್ನು ಮೊದಲ ಬಾರಿಗೆ ತಕ್ಕಡಿಯ ಮುಂದೆ ತಂದು ನಿಲ್ಲಿಸಿತು. ಮಕ್ಕಳ ವೈದ್ಯರೊಬ್ಬರು ಸಿದ್ಧಪಡಿಸಿದ ಆಹಾರ ಪಟ್ಟಿ ಅದರಲ್ಲಿದೆ. ಆರು ತಿಂಗಳವರೆಗೆ ತಾಯಿಯ ಹಾಲು, ಆಮೇಲೆ ವಯಸ್ಸಿಗೆ ತಕ್ಕಂತೆ ಧಾನ್ಯ, ಬೇಳೆ, ಸೊಪ್ಪು. ವರ್ಷ ತುಂಬಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಹಾಲು, 100 ಗ್ರಾಂ ಹಣ್ಣು. ಹೆರಿಗೆ ಆದಷ್ಟೂ ಜೈಲಿನ ಹೊರಗೆ ಆಗಬೇಕು. ಒಳಗೇ ಆದರೆ ಜನನ ಪತ್ರದಲ್ಲಿ ಹುಟ್ಟಿದ ಸ್ಥಳ ಜೈಲು ಎಂದು ಬರೆಯಕೂಡದು. ಚಿಕ್ಕವರಿಗೆ ಶಿಶುವಿಹಾರ ಇರಬೇಕು. ಇವುಗಳ ನಡುವೆ, ಓದುವಾಗ ಕಣ್ಣು ತಪ್ಪಿಹೋಗಬಹುದಾದ ಇನ್ನೊಂದು ಸೂಚನೆಯಿದೆ. ಮಗುವಿಗೆ ಉಣಿಸಲು ಸರಿಯಾದ ಗಾತ್ರದ ಪ್ರತ್ಯೇಕ ಪಾತ್ರೆಯನ್ನು ಪ್ರತಿ ತಾಯಿಗೂ ಕೊಡಬೇಕು ಎಂದು. ದೇಶದ ಅತ್ಯುನ್ನತ ನ್ಯಾಯಾಲಯ ಒಂದು ಪುಟ್ಟ ಬಟ್ಟಲಿಗಾಗಿ ಆದೇಶ ಬರೆಯಬೇಕಾಯಿತೆಂದರೆ, ಅಲ್ಲಿಯವರೆಗೆ ಕೂಸು ಉಣ್ಣುತ್ತಿದ್ದದ್ದು ಕೈದಿಯ ತಟ್ಟೆಯಿಂದಲೇ ಇದ್ದಿರಬೇಕು.

ಆ ತೀರ್ಪು ಬಂದ ಅರ್ಜಿ 1994ನೇ ಇಸವಿಯದು. ಆ ವರ್ಷ ಯಾವುದಾದರೂ ಜೈಲಿನಲ್ಲಿ ತಾಯಿಯ ಮಡಿಲಲ್ಲಿ ಹುಟ್ಟಿದ ಕೂಸಿಗೆ, ತೀರ್ಪು ಕೈಗೆ ಬರುವಾಗ ಹನ್ನೆರಡು ವರ್ಷ ಆಗುತ್ತಿತ್ತು. ಆರು ತುಂಬಿದ ಕೂಡಲೇ ಅದನ್ನು ಹೊರಗೆ ಕಳಿಸಿರುತ್ತಾರೆ.